ಗ್ಯಾಸ್ ಗೀಸರ್ ಉರಿ ಒಂದೇ ಕಡೆ ಹಳದಿ, ಯಾಕೆ?

ಬಿಸಿನೀರು:
ನಮ್ಮ ಗ್ಯಾಸ್ ಗೀಸರ್ ಉರಿ ಮೊದಲು ನೀಲಿಯಾಗಿ, ನೆಟ್ಟಗೆ ನಿಲ್ಲುತ್ತಿತ್ತು. ಹದಿನೈದು ದಿನದಿಂದ ಎಡಗಡೆಯ ಮೂರು ಸಾಲು ಮಾತ್ರ ಹಳದಿ. ತುದಿ ಉದ್ದವಾಗಿ ತೂಗಾಡುತ್ತದೆ. ನಿನ್ನೆ ಮೇಲಿನ ಕಿಂಡಿ ಮುಟ್ಟಿದರೆ ಬೆರಳಿಗೆ ಕಾಡಿಗೆ ಥರ ಮಸಿ ಹತ್ತಿತು. ನೀರೇನೋ ಚೆನ್ನಾಗೇ ಕಾಯುತ್ತಿದೆ. ಹಾಗಾಗಿ ಮನೆಯಲ್ಲಿ ಯಾರಿಗೂ ಚಿಂತೆಯಿಲ್ಲ, ನಾನೊಬ್ಬನೇ ಅದರ ಮುಂದೆ ಬಗ್ಗಿ ನಿಂತಿರುತ್ತೇನೆ. ಸೂಜಿ ಹಾಕಿ ತೂತು ಬಿಡಿಸಿದರೆ ಸಾಕಾ?

ಹಳೇ ಸ್ಪ್ಯಾನರ್:
ಅಯ್ಯೋ, ಸೂಜಿ ಬೇಡ! ಜೆಟ್, ಅಂದರೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಮೂತಿ, ಹಿತ್ತಾಳೆಯದು. ತೂತು ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಜಾಸ್ತಿ ನುಗ್ಗಿ ಉರಿ ಇನ್ನೂ ಹಳದಿಯಾಗುತ್ತದೆ. ಆ ತಪ್ಪು ಮಾಡಿ ಕೊನೆಗೆ ಜೆಟ್ಟುಗಳನ್ನೇ ಬದಲಾಯಿಸಿದವನು ನಾನು.
ಹಳದಿ ಅಂದರೆ ಗ್ಯಾಸಿಗೆ ಗಾಳಿ ಸಾಲುತ್ತಿಲ್ಲ ಅಂತ. ಎಲ್ಲ ಸಾಲೂ ಹಳದಿಯಾಗಿದ್ದರೆ ರೂಮಿನ ಗಾಳಿ, ರೆಗ್ಯುಲೇಟರ್ ನೋಡಿ ಅನ್ನುತ್ತಿದ್ದೆ. ಮೂರೇ ಸಾಲು ಅಂದರೆ ಆ ಮೂರಕ್ಕೆ ಗಾಳಿ ಒಳಗೆ ಹೋಗುವ ಬಾಯಲ್ಲೇ ಏನೋ ಕೂತಿದೆ. ನಮ್ಮಲ್ಲಿ ಜೇಡರ ಬಲೆ ಇತ್ತು. ನೇರ ನೋಡಿದರೆ ಏನೂ ಇಲ್ಲ, ಟಾರ್ಚ್ ಓರೆಯಾಗಿ ಹಿಡಿದಾಗ ಮಿಂಚಿತು! ಮೆತ್ತನೆ ಬ್ರಷ್‌ನಲ್ಲೇ ಬಂತು.

ಕಿಟಕಿ ತೆಗೀರಿ:
ಬ್ರಷ್ ಆಮೇಲೆ. ಮಸಿ ಕಂಡಿದೆ ಅಂದಮೇಲೆ ಇವತ್ತೇ ಸಿಲಿಂಡರ್ ವಾಲ್ವ್ ಮುಚ್ಚಿ, ಸರ್ವಿಸ್ ಆಗೋವರೆಗೂ ಹಚ್ಚಬೇಡಿ. ಸರಿಯಾಗಿ ಉರಿಯದ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಸಿ ಹೋಗಿ, ಉರಿಯ ಮೇಲೆ ನೀರು ಕಾಯಿಸುವ ತಾಮ್ರದ ತೆಳು ರೆಕ್ಕೆಗಳ ನಡುವೆ ಕೂತರೆ ಹೊಗೆಗೆ ದಾರಿ ಕಟ್ಟುತ್ತದೆ, ಉರಿ ಮತ್ತಷ್ಟು ಕೆಡುತ್ತದೆ. ಸ್ನಾನ ಮಾಡಿ ಬಂದಾಗ ಯಾರಿಗಾದರೂ ತಲೆನೋವು, ತಲೆಸುತ್ತು ಇದೆಯಾ? ಗೀಸರ್ ಬಾತ್‌ರೂಮ್ ಒಳಗೇ ಇದ್ದರೆ ಮೊದಲು ಹೊರಗೆ ಹಾಕಿಸಿ.

ಬಿಸಿನೀರು:
ಗೀಸರ್ ಹೊರಗೇ ಇದೆ, ಯಾರಿಗೂ ತಲೆನೋವಿಲ್ಲ. ಮೆಕ್ಯಾನಿಕ್ ಬಂದು ಬಿಚ್ಚಿದರು. ಬಲೆಯೇ, ಜೊತೆಗೆ ಬಟ್ಟೆ ನೂಲಿನ ಧೂಳು. ರೆಕ್ಕೆಗಳನ್ನೂ ತೊಳೆದರು. ವಾಪಸ್ ಜೋಡಿಸಿ ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿದರು, ಗುಳ್ಳೆ ಏಳಲಿಲ್ಲ. ಈಗ ಎಲ್ಲಾ ಸಾಲೂ ನೀಲಿ, ಒಂದೇ ಎತ್ತರ. ಆದರೆ ಆಗಾಗ ಕೇಸರಿ ಕಿಡಿ ಹಾರುತ್ತದೆ, ಅದೂ ಕೆಟ್ಟದ್ದೇ?

ಹಳೇ ಸ್ಪ್ಯಾನರ್:
ಅದು ಸುಮ್ನೆ ಗಾಳಿಯ ಧೂಳು ಸುಡುವುದು. ಮಿಂಚಿ ಹೋದರೆ ಬಿಡಿ, ಹಳದಿ ತುದಿ ನಿಂತೇ ಇದ್ದರೆ ಮತ್ತೆ ಬಿಚ್ಚಿಸಿ. ರಾತ್ರಿ ಲೈಟ್ ಆರಿಸಿ ನೋಡಿ, ಹಗಲಲ್ಲಿ ನೀಲಿ ಸರಿಯಾಗಿ ಕಾಣಲ್ಲ.