ಅಮ್ಮನ ಜೊತೆ ಎಫೆಸಸ್‌ಗೆ: ಹೋಗಿ ಬಂದವರು ಹೇಳಿದ್ದು

ಪ್ರಶ್ನೆ: ಜೂನ್‌ನಲ್ಲಿ ಟರ್ಕಿಗೆ ಹೋಗುತ್ತಿದ್ದೇವೆ. ಅಲ್ಲಿನ ಎಫೆಸಸ್, ಅಂದರೆ ಪ್ರಾಚೀನ ಊರಿನ ಅವಶೇಷಗಳನ್ನು ನೋಡಲೇಬೇಕು ಅಂತ ಅಮ್ಮನ ಆಸೆ. ಅವರಿಗೆ ಮಂಡಿ ನೋವು, ನಾವು ಸಸ್ಯಾಹಾರಿಗಳು. ಹೇಗೆ ಹೋಗಬೇಕು, ಎಷ್ಟು ಹೊತ್ತು ಬೇಕು, ಬಿಸಿಲು ಹೇಗೆ? ನೋಡಿ ಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಮೇಲಿನ ಗೇಟಿನಿಂದ ಒಳಗೆ ಹೋಗಿ, ಕೆಳಗಿನ ಗೇಟಿನಿಂದ ಹೊರಗೆ ಬನ್ನಿ. ಇದೊಂದನ್ನು ಮಾತ್ರ ತಪ್ಪಿಸಬೇಡಿ. ಊರು ಎರಡು ಗುಡ್ಡಗಳ ನಡುವೆ ಇಳಿಜಾರಿನಲ್ಲಿದೆ, ಹಾಗಾಗಿ ಮೇಲಿಂದ ಬಂದರೆ ಹತ್ತುವ ಕೆಲಸವೇ ಹೆಚ್ಚು ಇರುವುದಿಲ್ಲ. ಹತ್ತಿರದ ಸೆಲ್ಚುಕ್ ಪೇಟೆಯಿಂದ ಹೊರಡುವ ದೊಲ್ಮುಷ್, ಅಂದರೆ ಅಲ್ಲಿನ ಶೇರ್ ವ್ಯಾನ್, ಕೆಳಗಿನ ಗೇಟಿಗೆ ಹೋಗುತ್ತದೆ. ಅಮ್ಮ ಜೊತೆಗಿದ್ದಾರೆ ಅಲ್ವಾ, ಟ್ಯಾಕ್ಸಿ ಮಾಡಿಕೊಂಡು ಮೇಲಿನ ಗೇಟಿನಲ್ಲೇ ಇಳಿಯಿರಿ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಒಳಗೆ ನೆರಳು ತೀರಾ ಕಡಿಮೆ, ಕಾಲ ಕೆಳಗೆ ಬಿಳಿ ಅಮೃತಶಿಲೆ, ಅದು ಬಿಸಿಲನ್ನು ಮುಖಕ್ಕೇ ಎಸೆಯುತ್ತದೆ. ಇನ್ನು ಕುಶಾದಸಿ ಬಂದರಿಗೆ ಕ್ರೂಸ್ ಹಡಗು ಬಂದ ದಿನ ಬಸ್ಸುಗಟ್ಟಲೆ ಜನ ಇಳಿದು ಒಳಗಿನ ಮುಖ್ಯ ಬೀದಿಯಾದ ಕುರೆಟಿಸ್ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಟೋಪಿ, ನೀರು, ಹಿಡಿತ ಇರುವ ಶೂ ಮರೆಯಬೇಡಿ. ಶತಮಾನಗಳಿಂದ ಸವೆದ ಕಲ್ಲು, ನುಣ್ಣಗೆ ಜಾರುತ್ತದೆ. ಹರ್ಕ್ಯುಲಸ್ ದ್ವಾರದ ಹತ್ತಿರ ಮೆಟ್ಟಿಲುಗಳಿವೆ, ಅಲ್ಲಿ ಅಮ್ಮನ ಕೈ ಹಿಡಿದುಕೊಳ್ಳಿ. ಶೌಚಾಲಯ ಇರುವುದು ಗೇಟುಗಳ ಹತ್ತಿರ, ಒಳಗೆ ಹೋಗುವ ಮುಂಚೆಯೇ ಮುಗಿಸಿಕೊಳ್ಳಿ.

ಮೂರು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಒಳ್ಳೆ ಪಾಲು ಸೆಲ್ಸಸ್ ಗ್ರಂಥಾಲಯಕ್ಕೆ ಕೊಡಿ. ಜನ ಫೋಟೊ ತೆಗೆದು ಮುಂದೆ ಹೋಗಿಬಿಡುತ್ತಾರೆ, ಆದರೆ ಅದು ಬರೀ ಗ್ರಂಥಾಲಯ ಅಲ್ಲ, ಸಮಾಧಿ ಕೂಡ. ಅಕ್ವಿಲಾ ಎನ್ನುವ ಮಗ ರೋಮನ್ ಅಧಿಕಾರಿಯಾಗಿದ್ದ ತನ್ನ ತಂದೆ ಸೆಲ್ಸಸ್ ನೆನಪಿಗೆ ಕ್ರಿ.ಶ. 2ನೇ ಶತಮಾನದಲ್ಲಿ ಕಟ್ಟಿಸಿದ್ದು, ತಂದೆಯನ್ನು ಅದರಡಿಯಲ್ಲೇ ಇಟ್ಟಿದ್ದಾರೆ. ಸುಮಾರು 12,000 ಸುರುಳಿ ಗ್ರಂಥಗಳು ಇದ್ದವಂತೆ. ಈಗ ಕಾಣುವ ಮುಂಭಾಗವನ್ನು ಬಿದ್ದ ಕಲ್ಲುಗಳನ್ನು ಜೋಡಿಸಿ 1970ರ ದಶಕದಲ್ಲಿ ಆಸ್ಟ್ರಿಯಾದ ಪುರಾತತ್ವ ತಜ್ಞರು ಎಬ್ಬಿಸಿ ನಿಲ್ಲಿಸಿದರು. ಗೂಡುಗಳಲ್ಲಿ ನಿಂತಿರುವ ನಾಲ್ಕು ಹೆಣ್ಣು ಮೂರ್ತಿಗಳು ನಕಲು, ಮೂಲ ವಿಯೆನ್ನಾದಲ್ಲಿವೆ. ನನಗಂತೂ ಅವು ಎಫೆಸಸ್‌ನಲ್ಲೇ ಇರಬೇಕಿತ್ತು ಅನ್ನಿಸುತ್ತದೆ.

ಇನ್ನೊಬ್ಬರು:
ಮೇಲಿನವರು ಹೇಳಿದ್ದೆಲ್ಲ ಸರಿ. ಟೆರೇಸ್ ಹೌಸ್, ಅಂದರೆ ಅಲ್ಲಿನ ಹಳೆಯ ಮನೆಗಳ ಬಗ್ಗೆ ಯಾಕೆ ಹೇಳಲಿಲ್ಲ? ಅದಕ್ಕೆ ಬೇರೆ ಟಿಕೆಟ್, ದುಡ್ಡು ಜಾಸ್ತಿ, ಅದಕ್ಕೇ ತುಂಬಾ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ! ದೇವಸ್ಥಾನ, ರಂಗಮಂದಿರ ಬೇರೆ ಕಡೆಯೂ ಸಿಗುತ್ತವೆ, ಆದರೆ ಜನ ಉಂಡು ಮಲಗಿದ ಮನೆಗಳನ್ನು ಇಷ್ಟು ಹತ್ತಿರದಿಂದ ನೋಡುವುದು ಅಪರೂಪ. ಮೊಸಾಯಿಕ್ ನೆಲ, ಬಣ್ಣದ ಗೋಡೆಗಳು, ಗೋಡೆ ಮೇಲೆ ಯಾರೋ ಗೀಚಿಟ್ಟ ಸಾಮಾನಿನ ಲೆಕ್ಕ ಕೂಡ ಇದೆ. ಒಡೆದ ಅಮೃತಶಿಲೆಯ ಸಾವಿರಾರು ಚೂರುಗಳನ್ನು ಮೇಜಿನ ಮೇಲೆ ಹರಡಿ ಜೋಡಿಸುತ್ತಿರುವುದೂ ಕಾಣುತ್ತದೆ. ಮೇಲೆ ಚಾವಣಿ ಹಾಕಿದ್ದಾರೆ, ಬಿಸಿಲಿಲ್ಲ. ಒಂದೇ ತೊಂದರೆ, ಒಳಗೆಲ್ಲ ಮೆಟ್ಟಿಲು ಹತ್ತುತ್ತಾ ಹೋಗಬೇಕು. ಅಮ್ಮನಿಗೆ ಆಗದಿದ್ದರೆ ಯಾರಾದರೊಬ್ಬರು ಅವರ ಜೊತೆ ಗ್ರಂಥಾಲಯದ ಹತ್ತಿರ ನೆರಳು ನೋಡಿ ಕೂತಿರಿ, ಆಮೇಲೆ ಸರದಿ ಬದಲಾಯಿಸಿ.

ಊಟದ ವಿಷಯ. ಸೆಲ್ಚುಕ್‌ನಲ್ಲಿ ಎಲ್ಲಿ ನೋಡಿದರೂ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ. ಆದರೆ ಉಪವಾಸ ಇರಬೇಕಾಗಿಲ್ಲ. ಪಾಲಕ್ ಅಥವಾ ಚೀಸ್ ತುಂಬಿದ ಗ್ಯೊಜ್ಲೆಮೆ ಕೇಳಿ, ತೆಳ್ಳಗೆ ಲಟ್ಟಿಸಿ ಹೆಂಚಿನ ಮೇಲೆ ಬೇಯಿಸಿ ಕೊಡುತ್ತಾರೆ. ಜೊತೆಗೆ ಐರಾನ್, ನಮ್ಮ ಮಜ್ಜಿಗೆಯೇ. ಬೇಳೆ ಸೂಪ್ ಎಲ್ಲ ಕಡೆ ಸಿಗುತ್ತದೆ, ಆದರೆ ಕೆಲವು ಕಡೆ ಮಾಂಸ ಬೇಯಿಸಿದ ನೀರು ಹಾಕುತ್ತಾರೆ. 'ಎತ್ಸಿಜ್' ಅಂದರೆ ಮಾಂಸ ಇಲ್ಲದ್ದು. ಅಷ್ಟು ಹೇಳಿ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಮತ್ತೊಬ್ಬರು:
ಹತ್ತಿರದ ದೊಡ್ಡ ನಗರ ಇಜ್ಮಿರ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಬದಲು ಸೆಲ್ಚುಕ್‌ನಲ್ಲೇ ಒಂದು ರಾತ್ರಿ ಉಳಿಯಿರಿ. ಇಜ್ಮಿರ್‌ನ ಬಸ್ಮಾನೆ ನಿಲ್ದಾಣದಿಂದ ಡೆನಿಜ್ಲಿ ಕಡೆಯ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಸೆಲ್ಚುಕ್‌ನಲ್ಲಿ ಇಳಿಸುತ್ತದೆ, ವಿಮಾನ ನಿಲ್ದಾಣದಲ್ಲೂ ನಿಲ್ಲುತ್ತದೆ. ಹೊರಡುವ ಮುಂಚೆ ವೇಳೆ ನೋಡಿಕೊಳ್ಳಿ.

ಉಳಿದರೆ ಮಧ್ಯಾಹ್ನದ ಬಿಸಿಲಿಗೆ ಊರಿನ ಮ್ಯೂಸಿಯಂ ಇದೆ. ಎಫೆಸಸ್‌ನ ಆರ್ಟೆಮಿಸ್ ದೇವಿಯ ದೊಡ್ಡ ಮೂರ್ತಿಗಳು ಇರುವುದು ಅಲ್ಲಿ. ಎಫೆಸಸ್ ನೋಡಿ ಇದನ್ನು ಬಿಟ್ಟರೆ ದೇವಿಯನ್ನು ನೋಡದೆ ಬಂದ ಹಾಗೆ, ಯಾಕೆಂದರೆ ಊರು ಬೆಳೆದಿದ್ದೇ ಅವಳ ಹೆಸರಿನಲ್ಲಿ. ಸಂಜೆ ಅವಳ ದೇವಸ್ಥಾನದ ಜಾಗಕ್ಕೆ ಹೋಗಿ. ಪ್ರಾಚೀನ ಲೋಕದ ಏಳು ಅದ್ಭುತಗಳಲ್ಲಿ ಒಂದು, ಈಗ ಜವುಗು ನೆಲದಲ್ಲಿ ಒಂದೇ ಕಂಬ ನಿಂತಿದೆ. ಬೇಸಿಗೆಯಾದ್ದರಿಂದ ಅದರ ತುದಿಯಲ್ಲಿ ಕೊಕ್ಕರೆ ಗೂಡು ಕಟ್ಟಿರಬಹುದು.

ಅಮ್ಮ "ಸಮುದ್ರ ಎಲ್ಲಿ?" ಅಂತ ಕೇಳೇ ಕೇಳುತ್ತಾರೆ, ಯಾಕೆಂದರೆ ದೊಡ್ಡ ರಂಗಮಂದಿರದಿಂದ ನೇರ ಬಂದರಿಗೆ ಹೋಗುವ ಬೀದಿ ಹಾಗೇ ಇದೆ, ಕೊನೆಯಲ್ಲಿ ನೀರೇ ಇಲ್ಲ. ಕುಚುಕ್ ಮೆಂಡೆರೆಸ್ ನದಿ ತಂದ ಹೂಳು ಬಂದರನ್ನು ಮುಚ್ಚಿಬಿಟ್ಟಿತು, ಸಮುದ್ರ ಕಿಲೋಮೀಟರುಗಟ್ಟಲೆ ಹಿಂದೆ ಸರಿಯಿತು, ವ್ಯಾಪಾರವೂ ಹೋಯಿತು. ರಂಗಮಂದಿರದ ಮೇಲಿನ ಸಾಲುಗಳಿಗೆ ಅಮ್ಮ ಹತ್ತಬೇಕಾಗಿಲ್ಲ, ಆ ಬೀದಿ ಕೆಳಗಿನಿಂದಲೂ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಕೆಳಗಿನ ಗೇಟು ಹತ್ತಿರ, ವಾಪಸ್ ಬರಲು ದೊಲ್ಮುಷ್ ಅಲ್ಲೇ ಸಿಗುತ್ತದೆ.