ಯಾರೋ ನೋಡ್ತಿದ್ದಾರೆ ಅಂತ ನೆಟ್ಟಗಿರೋದು ಶಿಸ್ತಾ, ನಾಟಕನಾ?

ಖಾಲಿ_ಹಾಳೆ:
ಮನೆಯಿಂದ ಕೆಲಸ ಮಾಡೋ ನಮ್ಮ ಟೀಮಿಗೆ ಒಂದು ಸಾಫ್ಟ್‌ವೇರ್ ಹಾಕಿದ್ದಾರೆ, ಆಗಾಗ ಸ್ಕ್ರೀನ್‌ಶಾಟ್ ತಗೊಳ್ಳುತ್ತೆ ಆದ್ರೆ ಯಾವಾಗ ಅಂತ ಗೊತ್ತಾಗಲ್ಲ. ಮೊದ್ಲು ಕಷ್ಟದ ಕೆಲಸ ಬಂದ್ರೆ ಎದ್ದು ಓಡಾಡ್ತಾ ಯೋಚನೆ ಮಾಡ್ತಿದ್ದೆ, ಈಗ ಕುರ್ಚಿ ಬಿಟ್ಟು ಏಳೋಕೇ ಭಯ, ಏನೂ ಹೊಳೀದೇ ಇದ್ರೂ ಮೌಸ್ ಅಲ್ಲಾಡಿಸ್ತಾ ಕೂತಿರ್ತೀನಿ. ಮ್ಯಾನೇಜರ್ ಪ್ರಕಾರ ಟೀಮಿಗೆ ಶಿಸ್ತು ಬಂದಿದೆಯಂತೆ. ರಸ್ತೆ, ಅಂಗಡಿ, ಲಿಫ್ಟು ಎಲ್ಲಾ ಕಡೆ ಕ್ಯಾಮೆರಾ ಇರೋ ಕಾಲದಲ್ಲಿ ಹೀಗೆ ಬರೋ ಶಿಸ್ತು ನಿಜವಾಗ್ಲೂ ಒಳಗಿಳಿಯುತ್ತಾ ಅಥವಾ ಕ್ಯಾಮೆರಾ ತೆಗೆದ ಮರುದಿನವೇ ಹೋಗುತ್ತಾ? ಓದಿದೋರು ಹೇಳಿ.

ಹಳೇ_ಕನ್ನಡಕ:
"ಯಾವಾಗ ಅಂತ ಗೊತ್ತಾಗಲ್ಲ" ಅಂದ್ರಲ್ಲ, ಇಡೀ ಯಂತ್ರ ನಿಂತಿರೋದೇ ಅದರ ಮೇಲೆ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಪ್ಯಾನಾಪ್ಟಿಕಾನ್ ಅನ್ನೋ ಜೈಲಿನ ನಕ್ಷೆ ಮಾಡಿದ್ದು, 1791ರಲ್ಲಿ ಪ್ರಕಟ ಆಯ್ತು. ಸುತ್ತ ದುಂಡಗೆ ಕೋಣೆಗಳು, ನಡುವೆ ಕಾವಲು ಗೋಪುರ, ಕೈದಿಗಳು ಕಾಣ್ತಾರೆ ಆದ್ರೆ ಗೋಪುರದಲ್ಲಿ ಯಾರಾದ್ರೂ ಇದ್ದಾರಾ ಅನ್ನೋದು ಅವರಿಗೆ ಕಾಣಲ್ಲ, ಹಾಗಾಗಿ ಒಳಗೆ ಯಾರೂ ಇಲ್ದಿದ್ರೂ ಕೆಲಸ ನಡೆಯುತ್ತೆ. ತಮಾಷೆ ಅಂದ್ರೆ ಮೂಲ ಐಡಿಯಾ ಬೆಂಥಮ್ಮನ ತಮ್ಮ ಸ್ಯಾಮ್ಯುಯೆಲ್‌ದು, ರಷ್ಯಾದಲ್ಲಿ ಕೆಲಸಗಾರರ ಮೇಲೆ ಕಣ್ಣಿಡೋಕೆ ಯೋಚಿಸಿದ್ದು, ಅಂದ್ರೆ ನಿಮ್ಮ ಆಫೀಸು ಜೈಲನ್ನ ಕಾಪಿ ಮಾಡಿಲ್ಲ, ಜೈಲೇ ಕಾರ್ಖಾನೆಯನ್ನ ಕಾಪಿ ಮಾಡಿದ್ದು :) ಆಮೇಲೆ 1975ರಲ್ಲಿ ಫ್ರೆಂಚ್ ಚಿಂತಕ ಮಿಶೆಲ್ ಫೂಕೊ ಇದನ್ನೇ ಹಿಡಿದು ಶಾಲೆ, ಆಸ್ಪತ್ರೆ, ಬ್ಯಾರಕ್ಕು ಎಲ್ಲಾ ಹೀಗೇ ನಡೆಯುತ್ವೆ, ಕೊನೆಗೆ ಮನುಷ್ಯ ತನಗೆ ತಾನೇ ಕಾವಲುಗಾರ ಆಗ್ತಾನೆ ಅಂತ ವಾದಿಸಿದ.

ಅಡ್ಡಪ್ರಶ್ನೆ:
ಫೂಕೊ ಹೇಳಿದ್ದು ಚೆನ್ನಾಗಿದೆ ಸರ್, ಆದ್ರೆ ಮನುಷ್ಯರು ಅಷ್ಟು ಸುಲಭಕ್ಕೆ ಬಗ್ಗಲ್ಲ. 2006ರಲ್ಲಿ ನ್ಯೂಕಾಸಲ್ ಯೂನಿವರ್ಸಿಟಿಯವರು ಕಾಫಿ ಕುಡಿದೋರು ತಾವಾಗೇ ದುಡ್ಡು ಹಾಕೋ ಡಬ್ಬಿ ಹತ್ರ ಒಂದು ವಾರ ಹೂವಿನ ಚಿತ್ರ, ಒಂದು ವಾರ ಕಣ್ಣಿನ ಚಿತ್ರ ಅಂಟಿಸಿ ನೋಡಿದ್ರು, ಕಣ್ಣಿದ್ದ ವಾರಗಳಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು ದುಡ್ಡು ಬಿತ್ತು. ಎಲ್ಲರೂ ಇದನ್ನೇ ಶೇರ್ ಮಾಡ್ತಾರೆ. ಆಮೇಲೆ ಇಂಥ ಎಷ್ಟೋ ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದಾಗ ಕಣ್ಣಿನ ಚಿತ್ರದಿಂದ ಜನರ ಉದಾರತೆ ಜಾಸ್ತಿಯಾಗೋದೇನೂ ಕಾಣಲಿಲ್ಲ ಅನ್ನೋದನ್ನ ಯಾರೂ ಶೇರ್ ಮಾಡಲ್ಲ. ಸಿಸಿಟಿವಿನೂ ಅಷ್ಟೇ, ಪಾರ್ಕಿಂಗ್ ಜಾಗದಲ್ಲಿ ಕಳ್ಳತನ ಕಮ್ಮಿ ಮಾಡುತ್ತೆ, ಹೊಡೆದಾಟದ ಮೇಲೆ ಅಂಥ ಪರಿಣಾಮ ಕಂಡಿಲ್ಲ, ಯಾಕಂದ್ರೆ ಕೋಪ ಬಂದವನು ಕ್ಯಾಮೆರಾ ಎಲ್ಲಿದೆ ಅಂತ ಹುಡುಕ್ತಾ ಕೂರಲ್ಲ.

ರಾತ್ರಿಪಾಳಿ:
ಒಂದು ಮಾತು. ರಾತ್ರಿ ಒಬ್ಬಳೇ ಖಾಲಿ ಪಾರ್ಕಿಂಗ್‌ನಲ್ಲಿ ಗಾಡಿ ತೆಗೆಯೋಳಿಗೆ ಕ್ಯಾಮೆರಾ ಬೇಕು. ನಂಗೂ ಬೇಕು. ಆದ್ರೆ ಅದು ನೋಡೋದು ಜಾಗನ. ನಿಮ್ಮ ಸಾಫ್ಟ್‌ವೇರ್ ನೋಡೋದು ನಿಮ್ಮನ್ನ. ಎರಡನ್ನೂ "ಭದ್ರತೆ" ಅಂತ ಒಂದೇ ಮೂಟೆಗೆ ಕಟ್ಟೋದೇ ಮೋಸ.

ಹಳೇ_ಕನ್ನಡಕ:
@ಅಡ್ಡಪ್ರಶ್ನೆ ಒಪ್ಪಿದೆ, ತಪ್ಪು ಮಾಡೋರೆಲ್ಲ ನಿಲ್ಲಿಸಲ್ಲ. ಆದ್ರೆ ತಪ್ಪೇ ಮಾಡದೋರು ನಿಲ್ಲಿಸ್ತಾರೆ, ಅದು ನಂಗೆ ದೊಡ್ಡ ವಿಷಯ. 2013ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡ್ತಿದ್ದ ಎಡ್ವರ್ಡ್ ಸ್ನೋಡನ್, ಆ ದೇಶ ಜನರ ಇಂಟರ್ನೆಟ್ ಮೇಲೆ ಇಟ್ಟಿದ್ದ ಗುಟ್ಟಿನ ಕಣ್ಗಾವಲು ಬಯಲು ಮಾಡಿದ್ಮೇಲೆ ವಿಕಿಪೀಡಿಯದಲ್ಲಿ ಭಯೋತ್ಪಾದನೆಗೆ ಸಂಬಂಧಪಟ್ಟ ಲೇಖನಗಳನ್ನ ಓದೋರು ಕಮ್ಮಿಯಾದ್ರು ಅಂತ 2016ರ ಒಂದು ಅಧ್ಯಯನ ತೋರಿಸ್ತು. ವಿಶ್ವಕೋಶ ಓದೋದು ಯಾವ ಅಪರಾಧ ಸ್ವಾಮಿ? ಯಾರೂ ಬೇಡ ಅಂದಿರಲಿಲ್ಲ, ಜನ ತಾವಾಗೇ ಹಿಂದೆ ಸರಿದ್ರು. ಇವರು ಎದ್ದು ಓಡಾಡೋದು ಬಿಟ್ಟಿದ್ದೂ ಅದೇ ಅಲ್ವಾ?

ಅಡ್ಡಪ್ರಶ್ನೆ:
ಅದು ಸರಿ. ಖಾಲಿ_ಹಾಳೆ ಅವ್ರೆ, ಆ ಸ್ಕ್ರೀನ್‌ಶಾಟ್‌ಗಳನ್ನ ಯಾರು ನೋಡ್ತಾರೆ, ಎಷ್ಟು ದಿನ ಇಟ್ಕೋತಾರೆ ಅಂತ ಯಾರಾದ್ರೂ ಕೇಳಿದ್ದೀರಾ? ಸುಮಾರು ಕಡೆ ಯಾರೂ ತೆಗೆದೂ ನೋಡಿರಲ್ಲ.

ಖಾಲಿ_ಹಾಳೆ:
ಮೊನ್ನೆ ಟೀಮ್ ಚಾಟ್‌ನಲ್ಲಿ ಕೇಳೋಣ ಅಂತ ಟೈಪ್ ಮಾಡಿದ್ದೆ, ಇದೂ ಸ್ಕ್ರೀನ್‌ಶಾಟ್‌ನಲ್ಲಿ ಬಂದ್ರೆ ಅಂತ ಅಳಿಸಿಬಿಟ್ಟೆ 😐

ರಾತ್ರಿಪಾಳಿ:
ಫೋನ್ ಮಾಡಿ ಕೇಳ್ರಿ. ಇಬ್ರು ಮೂವರು ಸೇರ್ಕೊಂಡು ಕೇಳಿ, ಒಬ್ರೇ ಬೇಡ.