‘ಹ್ಯೂಮನ್ ಇನ್ ದ ಲೂಪ್’ ಅನ್ನುವುದಕ್ಕೆ ‘ತಾಳೆ ನೋಡಿದವರು’ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹಾಸನದಿಂದ ಬರೆಯುತ್ತಿದ್ದೇನೆ. ಕಂದಾಯ ಮತ್ತು ಪಂಚಾಯಿತಿ ನೌಕರರ ತರಬೇತಿಗೆ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಅದರ ಭಾಷೆ ನೋಡುವ ಕೆಲಸ ನನ್ನದು. ಸರ್ಕಾರದ ತಂತ್ರಜ್ಞಾನ ನೋಡಿಕೊಳ್ಳುವವರು ಎಐ ಅನ್ನು ಕಚೇರಿಯೊಳಗೆ ಹೇಗೆ ತರುತ್ತಿದ್ದಾರೆ, ಹಳೇ ಕಂಪ್ಯೂಟರ್ ವ್ಯವಸ್ಥೆಗಳನ್ನು ಹೇಗೆ ಬದಲಾಯಿಸುತ್ತಿದ್ದಾರೆ ಅನ್ನುವುದೇ ವಿಷಯ. ಉದಾಹರಣೆಗಳು ಜಾಸ್ತಿ ಅಮೆರಿಕದ ರಾಜ್ಯಗಳವು. ಓದುವವರು ಮಾತ್ರ ನಮ್ಮ ಅರಸೀಕೆರೆ, ಹೊಳೆನರಸೀಪುರ, ಸಕಲೇಶಪುರದ ಕೇಸ್‌ವರ್ಕರ್‌ಗಳು, ಗ್ರಾಮ ಆಡಳಿತ ಅಧಿಕಾರಿಗಳು. ಮೂಲದಲ್ಲಿರುವ ಕೆಲವು ಪದಗಳಿಗೆ ನಮ್ಮ ತಾಲ್ಲೂಕು ಕಚೇರಿಯಲ್ಲೇ ಒಳ್ಳೆಯ ಮಾತುಗಳಿವೆ, ಹೊಸದು ಕಟ್ಟಬೇಕಿಲ್ಲ ಅಂತ ನನಗೆ ಬಲವಾಗಿ ಅನ್ನಿಸಿದೆ. ಅವು ಎಲ್ಲಿಯವರೆಗೆ ಸಲ್ಲುತ್ತವೆ ಅನ್ನುವುದನ್ನು ನಿಮ್ಮಲ್ಲಿ ಕೇಳಬೇಕಾಗಿದೆ. ಮುಖ್ಯವಾಗಿ ‘ಹ್ಯೂಮನ್ ಇನ್ ದ ಲೂಪ್’, ಅಂದರೆ ಯಂತ್ರ ಮಾಡಿದ್ದನ್ನು ಮನುಷ್ಯರೊಬ್ಬರು ನೋಡಿಯೇ ಮುಂದಕ್ಕೆ ಬಿಡಬೇಕು ಅನ್ನುವ ಮಾತಿನ ಬಗ್ಗೆ.

ಎಐ ಪದದ ಬಗ್ಗೆ ನನಗೆ ತಕರಾರಿಲ್ಲ. ಪತ್ರಿಕೆಗಳು ‘ಕೃತಕ ಬುದ್ಧಿಮತ್ತೆ’ ಅಂತ ಬರೆಯುತ್ತವೆ, ಜನ ‘ಎಐ’ ಅನ್ನುತ್ತಾರೆ. ಕೈಪಿಡಿಯಲ್ಲಿ ಎಐ ಅಂತಲೇ ಇಟ್ಟಿದ್ದೇನೆ.

ತೊಡಕು ಶುರುವಾಗಿದ್ದು ಹುದ್ದೆಯ ಹೆಸರಿನಲ್ಲಿ. ಅಮೆರಿಕದ ರಾಜ್ಯಗಳಲ್ಲಿ ಸರ್ಕಾರದ ಕಂಪ್ಯೂಟರ್ ಕೆಲಸಕ್ಕೆಲ್ಲ ಹೊಣೆಯಾದ ಅಧಿಕಾರಿಯನ್ನು ಚೀಫ್ ಇನ್ಫರ್ಮೇಶನ್ ಆಫೀಸರ್ ಅನ್ನುತ್ತಾರೆ. ಇವರಿಗೆ ನ್ಯಾಸಿಯೋ ಅಂತ ಒಂದು ಸಂಘವೂ ಇದೆ, 1969ರಿಂದ. ವರ್ಷ ವರ್ಷ ಹತ್ತು ಆದ್ಯತೆಗಳ ಪಟ್ಟಿ ಹೊರಡಿಸುತ್ತಾರೆ. ಬಹಳ ಕಾಲ ಸೈಬರ್ ಭದ್ರತೆಯೇ ಮೊದಲಿತ್ತು. ಈಚೆಗೆ ಎಐ ಸರಸರ ಮೇಲೆ ಬಂದಿದೆ. ಕೈಪಿಡಿಯ ಮೊದಲ ಕರಡಿನಲ್ಲಿ ಈ ಹುದ್ದೆಗೆ ‘ಮುಖ್ಯ ಮಾಹಿತಿ ಅಧಿಕಾರಿ’ ಅಂತ ಇತ್ತು. ಪದಕ್ಕೆ ಪದ ಸರಿಯೇ. ಆದರೆ ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ‘ಮಾಹಿತಿ ಅಧಿಕಾರಿ’ ಅಂದರೆ ಅರ್ಜಿ ಹಾಕಿದವರಿಗೆ ಮಾಹಿತಿ ಕೊಡಬೇಕಾದವರು. ಪ್ರತಿ ಕಚೇರಿಯ ಗೋಡೆಯ ಮೇಲೂ ಅವರ ಹೆಸರಿನ ಬೋರ್ಡ್ ಇರುತ್ತದೆ. ಮೇಲೆ ‘ಮುಖ್ಯ ಮಾಹಿತಿ ಆಯುಕ್ತರು’ ಬೇರೆ ಇದ್ದಾರೆ. ಓದುವವರು ಆ ಕಡೆಗೇ ಹೋಗುತ್ತಾರೆ, ಅಲ್ವಾ? ಅದಕ್ಕೆ ‘ರಾಜ್ಯದ ತಂತ್ರಜ್ಞಾನ ಮುಖ್ಯಸ್ಥರು’ ಅಂತ ಬದಲಾಯಿಸಿದ್ದೇನೆ. ಬೇಡ ಅನ್ನುವವರಿದ್ದರೆ ಕಾರಣ ತಿಳಿಸಿ.

ಎರಡನೆಯದು ‘ಲೆಗಸಿ ಸಿಸ್ಟಮ್’, ಅಂದರೆ ಬಹಳ ಹಿಂದೆ ಕಟ್ಟಿ ಇವತ್ತಿಗೂ ಬಳಸುತ್ತಿರುವ ಕಂಪ್ಯೂಟರ್ ವ್ಯವಸ್ಥೆ. ಕಂಪ್ಯೂಟರ್ ಅನುವಾದಕ್ಕೆ ಹಾಕಿದರೆ ‘ಪಾರಂಪರಿಕ ವ್ಯವಸ್ಥೆ’, ‘ಪರಂಪರೆಯ ವ್ಯವಸ್ಥೆ’ ಅಂತ ಬರುತ್ತದೆ. ಹಾಸನದಲ್ಲಿ ಪಾರಂಪರಿಕ ಅಂದರೆ ಬೇಲೂರು, ಹಳೇಬೀಡು. 2023ರಲ್ಲಿ ಸೋಮನಾಥಪುರದ ಜೊತೆ ಈ ಎರಡೂ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಪಾರಂಪರಿಕ ಅಂದರೆ ಮುಟ್ಟದೆ ಕಾಪಾಡಬೇಕಾದದ್ದು. ಲೆಗಸಿ ಸಾಫ್ಟ್‌ವೇರ್ ಹಾಗಲ್ಲ. ಅದು ಇವತ್ತೂ ದುಡಿಯುತ್ತಿರುತ್ತದೆ, ಆದರೆ ರಿಪೇರಿ ಮಾಡಬಲ್ಲವರು ಕಡಿಮೆಯಾಗುತ್ತಾ ಹೋಗುತ್ತಾರೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಹೊತ್ತಿನಲ್ಲಿ ನ್ಯೂಜೆರ್ಸಿಯಲ್ಲಿ ನಿರುದ್ಯೋಗ ಭತ್ಯೆಗೆ ಅರ್ಜಿಗಳು ಮುಗಿಬಿದ್ದವು. ಆ ವ್ಯವಸ್ಥೆ ನಡೆಯುತ್ತಿದ್ದದ್ದು 1959ರಲ್ಲಿ ರೂಪುಗೊಂಡ ಕೋಬಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಕೋಬಾಲ್ ಬಲ್ಲವರು ಯಾರಾದರೂ ಬಂದು ಕೈ ಜೋಡಿಸಿ ಅಂತ ಗವರ್ನರ್ ಫಿಲ್ ಮರ್ಫಿ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು.

ನಮ್ಮ ಕಚೇರಿಗಳಲ್ಲೂ ಇಂಥದ್ದೊಂದಿದೆ. ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ರೀತಿ ಓದಿಸುವ ಯೂನಿಕೋಡ್ ಅಕ್ಷರ ಸಂಕೇತ ಬಳಕೆಗೆ ಬರುವ ಮೊದಲು ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿಟ್ಟ ರಾಶಿ ರಾಶಿ ಪತ್ರಗಳು, ಆದೇಶಗಳು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ‘ಅಕ್ಷರ ಒಡೆದುಹೋಗಿದೆ’ ಅನ್ನುತ್ತಾರೆ. ಎಐಗೆ ಕೊಡುವ ಮೊದಲು ಇವನ್ನು ಯೂನಿಕೋಡ್‌ಗೆ ತರಲೇಬೇಕು. ಇಲ್ಲದಿದ್ದರೆ ಯಂತ್ರದ ಪಾಲಿಗೆ ಅಲ್ಲಿ ಕನ್ನಡವೇ ಇಲ್ಲ. ಹಾಗಾಗಿ ಲೆಗಸಿಗೆ ‘ಹಳೇ ವ್ಯವಸ್ಥೆ’ ಅಂತ ಸರಳವಾಗಿ ಬರೆದುಬಿಟ್ಟೆ. ‘ಹಳೇದು’ ಅಂದರೆ ಕೆಟ್ಟದ್ದು ಅನ್ನುವ ಭಾವನೆ ಬರುತ್ತದೆ ಅಂತ ಒಬ್ಬ ಸಹೋದ್ಯೋಗಿ ಹೇಳಿದರು. ನನಗೆ ಹಾಗೆ ಕಾಣುವುದಿಲ್ಲ. ‘ಕಡತ’ ಅನ್ನುವ ಪದವನ್ನೇ ನೋಡಿ. ಅದು ಮೊದಲು ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಬಟ್ಟೆ ಹೋಯಿತು, ಕಾಗದ ಬಂತು, ಈಗ ಇ-ಕಡತ. ಪದ ಹಾಗೇ ಉಳಿಯಿತು.

ಇನ್ನು ನಿಜವಾದ ಪ್ರಶ್ನೆ.

ಎಐ ಬಗ್ಗೆ ಹಲವು ಸರ್ಕಾರಗಳ ನಿಯಮಗಳಲ್ಲಿ ‘ಹ್ಯೂಮನ್ ಇನ್ ದ ಲೂಪ್’ ಅನ್ನುವ ಮಾತು ಸಿಗುತ್ತದೆ. ಯಂತ್ರ ಕೊಟ್ಟದ್ದನ್ನು ಒಬ್ಬ ಮನುಷ್ಯ ನೋಡಬೇಕು, ಆಮೇಲೇ ಅದು ಮುಂದಕ್ಕೆ ಹೋಗಬೇಕು ಅನ್ನುವುದು ಅದರ ಅರ್ಥ. ಕನ್ನಡದಲ್ಲಿ ‘ಮಾನವ ಮೇಲ್ವಿಚಾರಣೆ’, ‘ಮಾನವ ಹಸ್ತಕ್ಷೇಪ’ ಅಂತ ಮಾಡಿದ್ದನ್ನು ನೋಡಿದ್ದೇನೆ. ‘ಹಸ್ತಕ್ಷೇಪ’ ಅಂತೂ ಬೇಡವೇ ಬೇಡ. ಅದನ್ನು ನಾವು ಬಳಸುವುದು ಬೇರೆಯವರ ಕೆಲಸದಲ್ಲಿ ಮೂಗು ತೂರಿಸಿದಾಗ. ‘ಮೇಲ್ವಿಚಾರಣೆ’ ದೂರ ನಿಂತು ನೋಡುವವರ ಮಾತು. ಯಾವ ಕಾಗದ, ಯಾವ ಸಾಲು ನೋಡಿದರು ಅನ್ನುವುದು ಅದರಲ್ಲಿ ಬರುವುದಿಲ್ಲ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೇ ದಾಖಲೆಯ ದೃಢೀಕೃತ ನಕಲು ತಂದವರು ಅದರ ಕೊನೆ ನೆನಪಿಸಿಕೊಳ್ಳಿ. ಮೊಹರಿನ ಹತ್ತಿರ ಎರಡು ಸಾಲು: ‘ನಕಲು ಮಾಡಿದವರು’, ‘ತಾಳೆ ನೋಡಿದವರು’. ಎರಡಕ್ಕೂ ಬೇರೆ ಬೇರೆ ರುಜು. ಬರೆದವರು ಒಬ್ಬರು, ಮೂಲ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೊಂದಿಸಿ ನೋಡಿದವರು ಇನ್ನೊಬ್ಬರು. ತಪ್ಪಾದರೆ ಇಬ್ಬರಲ್ಲಿ ಯಾರನ್ನು ಕೇಳಬೇಕು ಅನ್ನುವುದು ಆ ಕಾಗದದಲ್ಲೇ ಇದೆ. ‘ಲೆಕ್ಕ ತಾಳೆ ಆಗ್ತಿಲ್ಲ’, ‘ಆಧಾರ್ ಹೆಸರಿಗೂ ಪಹಣಿ ಹೆಸರಿಗೂ ತಾಳೆ ಇಲ್ಲ’ ಅಂತ ಊರಿನವರೂ ದಿನಾ ಆಡುವ ಮಾತು. ಹ್ಯೂಮನ್ ಇನ್ ದ ಲೂಪ್‌ಗೆ ಇದಕ್ಕಿಂತ ಒಳ್ಳೆಯ ಪದ ನನಗೆ ತೋಚುತ್ತಿಲ್ಲ. ನಕಲು ಮಾಡಿದ್ದು ಯಂತ್ರ, ತಾಳೆ ನೋಡಿದವರು ಇಂಥವರು, ಕೆಳಗೆ ರುಜು.

ಇದು ಸುಮ್ನೆ ಪದದ ಮೇಲಿನ ಆಸೆಗೆ ಹೇಳುತ್ತಿಲ್ಲ. ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ಸ್ಕ್ಯಾನ್ ಅಂದರೆ ಚಿತ್ರ ಅಷ್ಟೇ. ಚಿತ್ರದಲ್ಲಿರುವ ಬರಹವನ್ನು ಓದಿಸಿ, ಹುಡುಕುವಂತೆ ಮಾಡಬೇಕು ಅಂದಾಗ ಎಐ ಬೇಕಾಗುತ್ತದೆ. ಆಗ ಏನೇನು ಆಗಬಹುದು ನೋಡಿ. ಹಳೇ ಕೈಬರಹದ ಪಹಣಿಯಲ್ಲಿ ವಿಸ್ತೀರ್ಣ ‘3-20’ ಅಂತ ಇರುತ್ತದೆ. ಅದು ಮೂರು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಮೂರೂವರೆ ಎಕರೆ. ಯಂತ್ರ ಅದನ್ನು 3.20 ಎಕರೆ ಅಂತ ದಶಮಾಂಶವಾಗಿ ತೆಗೆದುಕೊಂಡರೆ 12 ಗುಂಟೆ ಜಮೀನು ಕಾಗದದಲ್ಲಿ ಮಾಯ. ‘ಬಿನ್’ (ಇಂಥವರ ಮಗ), ‘ಕೋಂ’ (ಇಂಥವರ ಹೆಂಡತಿ) ಅನ್ನುವವನ್ನು ಹೆಸರಿನ ಭಾಗ ಅಂದುಕೊಂಡರೆ ತಂದೆ ಮಗ ಒಬ್ಬರೇ ಆಗಿಬಿಡುತ್ತಾರೆ. ಶಾನುಭೋಗರು ಅಕ್ಷರ ಕೂಡಿಸಿ ಬರೆದ ಮೋಡಿ ಬರಹ ಬಂದರೆ ಕೇಳುವುದೇ ಬೇಡ. ಸರಾಗವಾಗಿ ಓದುವವರು ಊರಲ್ಲೇ ಅಪರೂಪ. ಮೂಲ ಎದುರಿಗಿಟ್ಟುಕೊಂಡು ತಾಳೆ ನೋಡುವವರಿದ್ದರೆ ಇವೆಲ್ಲ ಸಿಕ್ಕಿಬೀಳುತ್ತವೆ.

ಹಿಂದೆ ಹೀಗೇ ಮಾಡಿದ್ದೂ ಇದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ಕೈಬರಹದ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿ, ಪ್ರಿಂಟ್ ತೆಗೆದು, ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು ತಾಳೆ ನೋಡಿಸಿದರು. ಮುಂದೆ ಬದಲಾವಣೆ ಮಾಡುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಅಂತ ಇಟ್ಟರು. ಯಾರು ಮಾಡಿದ್ದು ಅನ್ನುವುದು ಅಳಿಸಿಹೋಗಬಾರದು ಅನ್ನುವ ಕಾಳಜಿ ಅದು. ಈ ಕಾಳಜಿ ನನಗೆ ತುಂಬಾ ಮುಖ್ಯ. ಯಾಕೆಂದರೆ ಈಗ ಕೌಂಟರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ವಾಕ್ಯ ‘ಸಿಸ್ಟಮ್ ತಗೊಳ್ತಿಲ್ಲ ಕಣಮ್ಮ’. ವ್ಯಾಕರಣದಲ್ಲಿ ಕರ್ತೃ ಸಿಸ್ಟಮ್ಮೇ. ಮೊದಲು ‘ಸಾಹೇಬ್ರು ರುಜು ಹಾಕಿಲ್ಲ’ ಅನ್ನುತ್ತಿದ್ದರು. ಅದೂ ಬೇಸರದ ಮಾತೇ. ಆದರೆ ಸಾಹೇಬರ ಮುಂದೆ ಹೋಗಿ ನಿಲ್ಲಬಹುದಿತ್ತು. ಸಿಸ್ಟಮ್ಮಿನ ಮುಂದೆ ಆ ತಾಯಿ ಎಲ್ಲಿಗೆ ಹೋಗಿ ನಿಲ್ಲಬೇಕು?

ಪತ್ರ ಬರೆಯುವ ಕೆಲಸಕ್ಕೆ ಎಐ ಬಳಸಿದರೆ ಅಷ್ಟೇನೂ ತೊಡಕಿಲ್ಲ. ಪೆನ್ಸಿಲ್ವೇನಿಯ 2024ರಲ್ಲಿ ತನ್ನ ನೌಕರರ ಕೈಗೆ ಚಾಟ್‌ಜಿಪಿಟಿ ಕೊಟ್ಟು ಪ್ರಯೋಗ ಮಾಡಿತು. ಅಂಥ ಕಡೆ ‘ಕರಡು’ ಅನ್ನುವ ಪದ ಸಾಕು. ಕೇಸ್‌ವರ್ಕರ್ ಕರಡು ಮಂಡಿಸುತ್ತಾರೆ, ಮೇಲಿನವರು ತಿದ್ದುತ್ತಾರೆ, ರುಜು ಬೀಳುತ್ತದೆ. ಯಂತ್ರ ಬರೆದ ಕರಡಿಗೂ ಅದೇ ದಾರಿ.

ನನಗೆ ತಾಳೆ ತಪ್ಪುವುದು ಇನ್ನೊಂದು ಕಡೆ. ಮಿಷಿಗನ್ ರಾಜ್ಯದಲ್ಲಿ ಮೈಡಾಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಇತ್ತು. ನಿರುದ್ಯೋಗ ಭತ್ಯೆಯಲ್ಲಿ ಮೋಸ ಮಾಡಿದವರನ್ನು ಹುಡುಕುವುದು ಅದರ ಕೆಲಸ. 2013ರಿಂದ 2015ರವರೆಗೆ ಸುಮಾರು 40,000 ಜನರ ಮೇಲೆ ತಪ್ಪಾಗಿ ಮೋಸದ ಆರೋಪ ಬಂತು. ತೆಗೆದುಕೊಂಡ ಹಣದ ಜೊತೆಗೆ ಅದರ ನಾಲ್ಕು ಪಟ್ಟು ದಂಡ. ಸಂಬಳಕ್ಕೇ ಕೈ ಹಾಕಿ ವಸೂಲಿ. ಆಮೇಲೆ ರಾಜ್ಯವೇ ಮರುಪರಿಶೀಲನೆ ಮಾಡಿದಾಗ, ಕಂಪ್ಯೂಟರ್ ಒಂದೇ ತೀರ್ಮಾನಿಸಿದ ಪ್ರಕರಣಗಳಲ್ಲಿ ನೂರಕ್ಕೆ 93 ತಪ್ಪು ಅಂತ ಗೊತ್ತಾಯಿತು. ಕೊನೆಗೆ 2022ರಲ್ಲಿ 2 ಕೋಟಿ ಡಾಲರ್ ಪರಿಹಾರಕ್ಕೆ ರಾಜ್ಯ ಒಪ್ಪಿಕೊಂಡಿತು. ಇದು ಎಐ ಅನ್ನುವ ಹೆಸರು ಇಷ್ಟು ಜೋರಾಗುವ ಮೊದಲಿನ ಕಥೆ. ಆದರೂ ತಂತ್ರಜ್ಞಾನ ಮುಖ್ಯಸ್ಥರು ಇವತ್ತು ಎದುರಿಸುತ್ತಿರುವ ಪ್ರಶ್ನೆ ಇದೇ.

ಇಲ್ಲಿ ‘ತಾಳೆ ನೋಡಿ’ ಅಂದರೆ ಯಾವುದರ ಜೊತೆ ನೋಡುವುದು? ತಾಳೆಗೆ ಮೂಲ ಬೇಕು. ಯಂತ್ರ ಇಲ್ಲಿ ಯಾವುದನ್ನೂ ನಕಲು ಮಾಡಿಲ್ಲ. ಎರಡು ಕಡೆಯ ಅಂಕಿ ಹೊಂದಲಿಲ್ಲ ಅಂತ ಮನುಷ್ಯನ ಮೇಲೆ ಅನುಮಾನ ಪಟ್ಟಿದೆ. ಆ ಅನುಮಾನಕ್ಕೆ ಮೂಲ ಇರುವುದು ಆ ಮನುಷ್ಯನ ಬಾಯಲ್ಲಿ. ಅವನನ್ನು ಕರೆದು ಕೇಳಬೇಕು. ಇಲ್ಲೂ ನಮ್ಮ ಕಚೇರಿಯಲ್ಲಿ ಮಾತಿದೆ: ಸ್ಥಳ ತನಿಖೆ, ಮಹಜರು, ತಕರಾರು. 1964ರ ಭೂ ಕಂದಾಯ ಕಾಯ್ದೆಯಡಿ ಖಾತೆ ಬದಲಾವಣೆಗೆ ಮೊದಲು ನೋಟಿಸ್ ಹಚ್ಚಿ, ತಕರಾರಿದ್ದರೆ ಹೇಳಿ ಅಂತ ಗಡುವು ಕೊಡುತ್ತಾರಲ್ಲ, ಅದೇ ಕ್ರಮ. ಹಾಗಾಗಿ ಕೈಪಿಡಿಯಲ್ಲಿ ಒಂದೇ ‘ಹ್ಯೂಮನ್ ಇನ್ ದ ಲೂಪ್’ ಅನ್ನು ಎರಡಾಗಿ ಒಡೆಯೋಣ ಅಂತ ಯೋಚಿಸಿದ್ದೇನೆ. ಯಂತ್ರ ಓದಿ ಕೊಟ್ಟ ಕಡೆ ‘ತಾಳೆ ನೋಡುವುದು’. ಯಂತ್ರ ಒಬ್ಬರ ಮೇಲೆ ಬೊಟ್ಟು ಮಾಡಿದ ಕಡೆ ‘ತಕರಾರು ಕೇಳಿ ತನಿಖೆ ಮಾಡುವುದು’. ಮೂಲ ಇಂಗ್ಲಿಷ್‌ನಲ್ಲಿ ಒಂದೇ ಪದ ಇರುವಾಗ ಕನ್ನಡದಲ್ಲಿ ಎರಡು ಮಾಡಬಹುದೇ ಅಂತ ಕೆಲವರು ಕೇಳಿದ್ದಾರೆ. ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದೇ ಪದ ಇಟ್ಟರೆ, ತನಿಖೆ ಮಾಡಬೇಕಾದ ಕಡೆಯೂ ಪರದೆ ನೋಡಿ ರುಜು ಹಾಕಿ ಕಳಿಸಿಬಿಡುವ ಅಪಾಯ ಇದೆ.

ಈಗ ನಿಮ್ಮಿಂದ ಬೇಕಾದ್ದು. ‘ನಕಲು ಮಾಡಿದವರು, ತಾಳೆ ನೋಡಿದವರು’ ಅನ್ನುವ ಜೋಡಿ ಹಾಸನದ ಕಡೆ ಬಳಕೆಯಲ್ಲಿದೆ. ಮೂಡಿಗೆರೆ, ಕೊಪ್ಪ, ತರೀಕೆರೆ ಕಡೆಯ ಹಳೇ ನಕಲುಗಳಲ್ಲೂ ಇದೇ ಇದೆಯೇ, ಬೇರೆ ಮಾತಿದೆಯೇ? ಮನೆಯಲ್ಲಿ ಹಳೇ ಕಾಗದ ಇರುವವರು ದಯವಿಟ್ಟು ಕೊನೆಯ ಸಾಲು ನೋಡಿ ಬರೆಯಿರಿ. ಹೆಸರು, ಸರ್ವೆ ನಂಬರ್ ಹಾಕುವುದು ಬೇಡ.

ಇನ್ನೊಂದು. ಯಂತ್ರ ಬೊಟ್ಟು ಮಾಡಿ ಕೊಡುವ ಆ ಪಟ್ಟಿಯನ್ನು ಏನೆನ್ನಬೇಕು? ‘ತೀರ್ಮಾನ’ ಅಲ್ಲವೇ ಅಲ್ಲ, ‘ವರದಿ’ ಅಂದರೂ ಹೆಚ್ಚಾಯಿತು. ‘ಗುಮಾನಿ ಪಟ್ಟಿ’ ಅನ್ನೋಣ ಅಂತ ಮೊದಲು ಬರೆದಿದ್ದೆ. ಇನ್ನೂ ಏನೂ ಸಾಬೀತಾಗಿಲ್ಲ ಅನ್ನುವುದನ್ನು ಗುಮಾನಿ ಚೆನ್ನಾಗಿ ಹೇಳುತ್ತದೆ. ಆದರೆ ಅದಕ್ಕೆ ಪೊಲೀಸ್ ಠಾಣೆಯ ವಾಸನೆ ಇದೆ. ಪಿಂಚಣಿ ಬಾಕಿ ಕೇಳಲು ಬಂದ ಅಜ್ಜಿಯ ಹೆಸರು ಗುಮಾನಿ ಪಟ್ಟಿಯಲ್ಲಿದೆ ಅಂದರೆ ಅವರ ಮನಸ್ಸಿಗೆ ಏನಾಗಬೇಡ? ‘ವಿಚಾರಿಸಬೇಕಾದವು’ ಅಂತ ಅಷ್ಟೇ ಬರೆದರೆ ಸಾಕೇ? ಅಥವಾ ಹಳೇ ಷರಾಗಳಲ್ಲಿ ಇದಕ್ಕೆ ಹೊಂದುವ, ಯಾರನ್ನೂ ನೋಯಿಸದ ಪದ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಸೇರಿಸಿಕೊಳ್ಳುತ್ತೇನೆ.